ಕೋಳಿ ಬೇಯದ ಮನೆ

ಬಕ್ರೀದಿಗೆ ಟಗರು ತರಲೆಂದು ಗೊಲ್ಲರ ಹಟ್ಟಿಗೆ ಹೋದ ಹಜರತ್ ಅಲಿ ಟಗರಿನ ಜೊತೆಗೆ ಒಬ್ಬ ಹುಡುಗಿಯನ್ನೂ ಆಟೋದಲ್ಲಿ ಕೂರಿಸಿಕೊಂಡು ಬಂದ. ಟಗರನ್ನು ಇಳಿಸಿಕೊಳ್ಳಲು ಓಡಿ ಬಂದ ಸೊಸೆ ಮಾಹೀರಾ ಹುಡುಗಿಯನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಹುಡುಗಿಯ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಮುದ್ದೆ ಬೇಯಿಸುವ ಹೊಸ ಪಾತ್ರೆ.

"ಇದ್ಯಾರು ಮಾವ?"

"ಹಟ್ಟಿ ಎತ್ತಪ್ಪನ ಮೊಮ್ಮಗಳು, ರಂಜಿತಾ. ಇನ್ಮ್ಯಾಲೆ ನಮ್ಮನೇಲೇ ಇರ್ತಾಳೆ. ಅಸ್ಫಿಯಾ ಜತೆ ಎಂಟನೇ ಕ್ಲಾಸಿಗೆ ಹೋಗ್ತಾಳೆ."

"ನನ್ನನ್ನ ಒಂದ್ಮಾತು ಕೇಳಬಾರ್ದಿತ್ತಾ?"

"ಕೇಳಿದ್ರೆ ಬ್ಯಾಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ," ಎಂದು ಹಜರತ್ ಅಲಿ ಟಗರಿನ ಹಗ್ಗವನ್ನು ಅವಳ ಕೈಗೆ ಕೊಟ್ಟ.

ಹೊಳಲ್ಕೆರೆಯಲ್ಲಿ ಅವರದು ಹಾಸಿಗೆ ಹೊಲಿಯುವ ಮನೆ. ಮುಂದಿನ ಪಡಸಾಲೆಯಲ್ಲಿ ಅಂಗಡಿ, ಹಿಂದಿನ ಅಂಗಳದಲ್ಲಿ ಅರಳೆಯ ಗುಡ್ಡೆ, ನಡುವೆ ಸಂಸಾರ. ಮನೆಮಾತು ಕನ್ನಡವೇ, ಸಿಟ್ಟು ಬಂದಾಗ ಮಾತ್ರ ಉರ್ದು. ಓಣಿಯ ಕೊನೆಯಲ್ಲಿ ಸರ್ಕಾರಿ ಶಾಲೆ. ಹಜರತ್ ಅಲಿ ಅಲ್ಲಿ ಮೂರನೇ ಕ್ಲಾಸಿನವರೆಗೆ ಓದಿದ್ದ, ಮಗ ಅಜೀಮ್ ಏಳನೆಯವರೆಗೆ. ಆಗ ವಕೀಲರ ಮಕ್ಕಳೂ ಅಡಿಕೆ ಮಂಡಿಯವರ ಮಕ್ಕಳೂ ಅದೇ ಶಾಲೆಯ ಜಗಲಿಯಲ್ಲಿ ಒತ್ತಿಕೊಂಡು ಕೂರುತ್ತಿದ್ದರು. ಈಗ ಬೆಳಗಾದರೆ ಓಣಿಯ ತುದಿಗೆ ಹಳದಿ ವ್ಯಾನುಗಳು ಬರುತ್ತವೆ. ಫೀಸು ಕಟ್ಟಬಲ್ಲವರ ಮಕ್ಕಳು ಅವುಗಳಲ್ಲಿ ಹೋಗುತ್ತಾರೆ. ಉಳಿದವರು ಹಾಸಿಗೆಯವರು, ಬಳೆಯವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಇಟ್ಟಿಗೆ ಗೂಡಿಗೆಂದು ಬಡಗಣದಿಂದ ಬಂದವರು, ಇವರ ಮಕ್ಕಳು. ಚೆನ್ನಾಗಿ ಓದುವ ಮಕ್ಕಳು ಬಿಟ್ಟು ಹೋದರೆಂದು ಶಾಲೆಯ ಮಟ್ಟ ಇಳಿಯಿತು. ಮಟ್ಟ ಇಳಿಯಿತೆಂದು ಇದ್ದಬದ್ದ ಓದುವವರನ್ನೂ ಅಪ್ಪಂದಿರು ಬಿಡಿಸಿದರು. ಇದರಲ್ಲಿ ಯಾರನ್ನು ಬೈಯಬೇಕೋ ತಿಳಿಯದೆ ಜನ ಮೇಷ್ಟ್ರುಗಳನ್ನು ಬೈಯುತ್ತಾರೆ.

ಆ ವರ್ಷ ಎಂಟನೇ ತರಗತಿಗೆ ಉಳಿದದ್ದು ಒಂಬತ್ತೇ ಮಕ್ಕಳು. ಮುಖ್ಯೋಪಾಧ್ಯಾಯಿನಿ ಅನ್ನಪೂರ್ಣಮ್ಮನವರು ಹಾಸಿಗೆ ಅಂಗಡಿಗೇ ಬಂದು ಹೇಳಿ ಹೋಗಿದ್ದರು: "ಸೆಪ್ಟೆಂಬರ್ ಕೊನೆಗೆ ತಲೆ ಎಣಿಸ್ತಾರೆ ಸಾಬರೇ. ಹತ್ತು ಮಕ್ಕಳಾದ್ರೂ ಇರ್ಲೇಬೇಕಂತೆ. ಇಲ್ಲಾಂದ್ರೆ ಎಂಟನೇ ಕ್ಲಾಸನ್ನ ಹೆದ್ದಾರಿ ಆಚೆ ಹೈಸ್ಕೂಲಿಗೆ ಸೇರಿಸ್ತಾರೆ."

ಹೆದ್ದಾರಿ ಎಂದರೆ ಹಜರತ್ ಅಲಿಯ ಹೆಂಡತಿ ಅಮೀನಾ ಬೀಗೆ ಜೀವ ನಡುಗುತ್ತದೆ. ಅವಳ ತಂಗಿಯ ಮಗ ಅದೇ ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಸತ್ತಿದ್ದ. "ನನ್ನ ಮೊಮ್ಮಗಳು ಆ ರಸ್ತೆ ದಾಟೋದು ಬ್ಯಾಡ. ಇಲ್ಲಿ ಕ್ಲಾಸ್ ಮುಚ್ಚಿದ್ರೆ ಮನೇಲಿ ಕುಂತು ಸೂಜಿ ಹಿಡೀಲಿ," ಎಂದು ಆಣೆ ಮಾಡಿ ಹೇಳಿದ್ದಳು. ತಾಯಿಯ ಮಾತಿಗೆ ಅಜೀಮ್ ಎದುರಾಡುವವನಲ್ಲ. ಹತ್ತನೆಯ ಮಗು ಸಿಗದಿದ್ದರೆ ಅವನ ಮಗಳು ಅಸ್ಫಿಯಾಳ ಓದು ಅಲ್ಲಿಗೆ ಮುಗಿದಂತೆ. ಹಜರತ್ ಅಲಿ ಮನೆಮನೆಯ ಬಾಗಿಲು ತಟ್ಟಿ ಸೋತು, ಕೊನೆಗೆ ಟಗರಿನ ನೆಪದಲ್ಲಿ ಹಟ್ಟಿಗೆ ಹೋಗಿದ್ದ.

ಹಟ್ಟಿಯ ಶಾಲೆ ಏಳಕ್ಕೆ ಮುಗಿಯುತ್ತದೆ. ರಂಜಿತಾಳ ಅಪ್ಪ ಮಂಜಣ್ಣ, ಅವ್ವ ಸಿದ್ದಕ್ಕ ವರ್ಷದಲ್ಲಿ ಅರ್ಧ ಕಾಲ ಕುರಿಮಂದೆಯ ಹಿಂದೆ ಊರೂರು ತಿರುಗುವವರು. ಇನ್ನು ಇವಳೂ ಹೋಗಬೇಕಿತ್ತು. ಎತ್ತಪ್ಪ ಮೊಮ್ಮಗಳನ್ನು ಕಳಿಸಲು ಒಪ್ಪಿದ, ಆದರೆ ಒಂದು ಮಾತಿನ ಮೇಲೆ.

"ನಮ್ದು ಪೂಜಾರಿ ಮನೆತನ ಸಾಬರೇ. ಕುರಿ ತಿಂತೀವಿ, ಮೇಕೆ ತಿಂತೀವಿ. ಕೋಳಿ ಮಾತ್ರ ನಮ್ಮ ದೇವರಿಗಾಗಲ್ಲ. ಹಟ್ಟಿ ಒಳಗೆ ಅದರ ಪುಕ್ಕಾನೂ ಬರಂಗಿಲ್ಲ. ಹುಡುಗಿ ಇರೋ ತಂಕ ನಿಮ್ಮ ಒಲೆ ಮ್ಯಾಲೆ ಕೋಳಿ ಬೇಯಬಾರ್ದು."

"ಬೇಯಲ್ಲ," ಎಂದು ಹಜರತ್ ಅಲಿ ಅವನ ಕೈ ಮೇಲೆ ಕೈ ಇಟ್ಟು ಬಂದಿದ್ದ. ಒಲೆ ಉರಿಸುವವಳು ಸೊಸೆ, ಮಾತು ಕೊಟ್ಟವನು ಮಾವ. ಗಂಡಸರು ಅಡುಗೆಮನೆಯ ಬಗ್ಗೆ ಕೊಡುವ ಮಾತುಗಳೆಲ್ಲ ಹೀಗೇ.

ಬಕ್ರೀದ್ ಮಾಂಸ ಮುಗಿದ ಮೇಲೆ ಮಾಹೀರಾಳಿಗೆ ಈ ಮಾತಿನ ಭಾರ ತಿಳಿಯಿತು.

"ಮಟನ್ ವಾರವಾರ ತರೋ ಹಂಗಿದೀವಾ ನಾವು?" ಎಂದು ಗಂಡನನ್ನು ಕೇಳಿದಳು. "ಭಾನುವಾರ ಬಂದ್ರೆ ಬದನೆಕಾಯಿ. ನೆಂಟ್ರು ಬಂದ್ರೆ ಮೊನ್ನೆ ಹುರುಳಿಕಾಳು ಬಸ್ಸಾರು ಮಾಡಿಟ್ಟೆ. ನಮ್ಮಣ್ಣ ಏನಂದ ಗೊತ್ತಾ? ಮಾಹೀರಾ, ನಿಮ್ಮನೇಲಿ ಯಾರ್ಗಾದ್ರೂ ಹುಷಾರಿಲ್ವಾ ಅಂದ."

"ಹೋಗ್ಲಿ ಬಿಡೇ, ಮಾರ್ಚಿ ತಂಕ ತಾನೆ?"

"ನಿಮಗೇನು, ಬಸ್ ಸ್ಟ್ಯಾಂಡಿನಾಗೆ ಕಬಾಬ್ ತಿಂದು ಬರ್ತೀರಾ. ಬಾಯಿ ನಾರ್ತದೆ. ಹೊರಗೆ ನಲ್ಲಿ ಐತೆ, ಸೋಪು ಹಾಕಿ ಕೈ ತೊಳ್ಕಂಡು ಒಳಗೆ ಬರ್ರಿ."

ಅಜೀಮ್ ಕಳ್ಳನಂತೆ ನಗುತ್ತಾ ನಲ್ಲಿಗೆ ಹೋದ. ಬೈದರೂ ಮಾತು ಮುರಿಯದವಳು ಮಾಹೀರಾ. ಎತ್ತಪ್ಪನ ಹೆಂಡತಿ ಗಂಗಕ್ಕ ಸಂತೆಗೆ ಬಂದವಳು ಒಮ್ಮೆ ನೇರ ಅಡುಗೆಮನೆಗೇ ನುಗ್ಗಿ ಪಾತ್ರೆಗಳನ್ನೆಲ್ಲ ಎತ್ತಿ ಎತ್ತಿ ಮೂಸಿದಳು. ಮಾಹೀರಾ ಹಲ್ಲು ಕಚ್ಚಿಕೊಂಡು ಚಹಾ ಮಾಡಿದಳು. ಗಂಗಕ್ಕ ಕುಡಿದು, "ಸ್ವಚ್ಛ ಇಟ್ಟೀಯ ಕಣವ್ವ," ಎಂದು ಹೊಗಳಿ ಹೋದಳು.

ಹುಡುಗಿಯರಿಬ್ಬರೂ ಮೊದಲ ದಿನಗಳಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿ ಪಿಸುಗುಟ್ಟುತ್ತಿದ್ದರು. ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಕೊಡುತ್ತಾರೆ, ಬೇಡವೆಂದವರಿಗೆ ಬಾಳೆಹಣ್ಣು. ರಂಜಿತಾ ಬಾಳೆಹಣ್ಣು ತೆಗೆದುಕೊಂಡಳು. ಮೊಟ್ಟೆಗೆ ಪ್ರಾಣ ಬಿಡುವ ಅಸ್ಫಿಯಾ, "ನಂಗೂ ಬಾಳೆಹಣ್ಣೇ ಇರ್ಲಿ," ಎಂದು ಗೆಳತಿಯ ಪಕ್ಕ ಕೂತಳು.

ಆಗಸ್ಟಿನಲ್ಲಿ ಪರೀಕ್ಷೆ ಆಯಿತು. ಗಣಿತದಲ್ಲಿ ರಂಜಿತಾಳಿಗೆ ಐವತ್ತಕ್ಕೆ ನಲವತ್ತಾರು, ಅಸ್ಫಿಯಾಳಿಗೆ ಹದಿನೇಳು. ಇಡೀ ತರಗತಿಯಲ್ಲಿ ಮೂವತ್ತು ದಾಟಿದವಳು ರಂಜಿತಾ ಒಬ್ಬಳೇ. ಅನ್ನಪೂರ್ಣಮ್ಮನವರು ಓಣಿಯಲ್ಲೇ ಹಜರತ್ ಅಲಿಯನ್ನು ನಿಲ್ಲಿಸಿ, "ಎಂಥಾ ಹುಡುಗಿ ತಂದುಕೊಟ್ರಿ ಸಾಬರೇ! ಇಂಥೋಳನ್ನ ನೋಡಿ ವರ್ಷಗಳೇ ಆಗಿದ್ವು," ಎಂದರು.

ಹಜರತ್ ಅಲಿಗೆ ಹಿಗ್ಗು ತಡೆಯಲಾಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಎಲ್ಲರೆದುರು ಹೇಳಿದ: "ಕುರಿ ಹಿಂದೆ ಹೋಗೋ ಹುಡುಗಿ ನಲವತ್ತಾರು ತೆಗೀತಾಳೆ. ಹಾಸಿಗೆ ಮ್ಯಾಲೆ ಮಲಗೋ ನಮ್ಮಮ್ಮಣ್ಣಿ ಹದಿನೇಳು. ನೋಡಿ ಕಲೀಬೇಕಮ್ಮ!"

ಅಸ್ಫಿಯಾಳ ಕೈಯ ತುತ್ತು ತಟ್ಟೆಗೇ ಬಿತ್ತು. ಮಾಹೀರಾ ರಂಜಿತಾಳ ತಟ್ಟೆಗೆ ಮುದ್ದೆಯನ್ನು ಸ್ವಲ್ಪ ಜೋರಾಗಿಯೇ ಹಾಕಿದಳು.

"ಮಕ್ಕಳನ್ನ ತಕ್ಕಡೀಲಿ ಇಡಬ್ಯಾಡ್ರಿ ಮಾವ."

"ನಾನೇನಂದೆ ಈಗ?"

"ಅಂದಿದ್ದು ಸಾಕು. ಉಣ್ರಿ."

ರಂಜಿತಾ ತಲೆ ತಗ್ಗಿಸಿ, "ಅವಳಿಗೆ ನಾನು ಹೇಳ್ಕೊಡ್ತೀನಿ ಅಜ್ಜ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಅದೇ ಅಸ್ಫಿಯಾಳಿಗೆ ಚುಚ್ಚಿತು. ಮರುದಿನ ಶಾಲೆಯಲ್ಲಿ ಅವಳು ಮೊಟ್ಟೆ ತೆಗೆದುಕೊಂಡು, ರಂಜಿತಾಳ ಎದುರಿಗೇ ಕೂತು, ನಿಧಾನವಾಗಿ ಸಿಪ್ಪೆ ಸುಲಿದು ತಿಂದಳು.

ಸೆಪ್ಟೆಂಬರ್ ಮೊದಲ ವಾರ ಅಸ್ಫಿಯಾಳಿಗೆ ಜ್ವರ ಬಂತು. ಟೈಫಾಯ್ಡ್ ಎಂದರು ಡಾಕ್ಟರು. ಜ್ವರವೇನೋ ಇಳಿಯಿತು, ಹುಡುಗಿ ಮಾತ್ರ ಅರಳೆ ತೆಗೆದ ದಿಂಬಿನಂತೆ ಜೋತುಬಿದ್ದಳು. ಗಂಜಿ ಕೊಟ್ಟರೆ ವಾಂತಿ. ಅಮೀನಾ ಬೀಯ ಪ್ರಕಾರ ಇದಕ್ಕೆಲ್ಲ ಔಷಧಿ ಒಂದೇ, ಮೆಣಸು ಕುಟ್ಟಿ ಹಾಕಿದ ನಾಟಿ ಕೋಳಿಯ ಸಾರು.

"ಮಾವ ಮಾತು ಕೊಟ್ಟಿದಾರೆ ಅತ್ತೆ," ಎಂದಳು ಮಾಹೀರಾ.

"ಏನಂತ ಕೊಟ್ಟಿದಾರೆ? ಒಲೆ ಮ್ಯಾಲೆ ಬೇಯಬಾರ್ದು ಅಂತ ತಾನೆ? ಒಲೆ ಮುಟ್ಟಲ್ಲ ನಾನು. ಹಿಂದ್ಗಡೆ ಅಂಗಳದಾಗೆ ಮೂರು ಕಲ್ಲಿಟ್ಟು ಹಳೇ ಪಾತ್ರೇಲಿ ಮಾಡ್ತೀನಿ. ಆ ಹುಡುಗಿ ಸ್ಕೂಲಿಂದ ಬರೋದ್ರೊಳಗೆ ಮುಗಿಸ್ತೀನಿ."

"ದೇವರಿಗೆ ಒಲೆ ಬ್ಯಾರೆ, ಕಲ್ಲು ಬ್ಯಾರೆನಾ?"

"ನಿನ್ನ ಮಗಳ ಮುಖ ನೋಡಿ ಮಾತಾಡೇ."

ಮಾಹೀರಾ ಮಗಳ ಮುಖ ನೋಡಿದಳು. ಎದ್ದು ಹೋಗಿ ಹಳೆಯ ಪಾತ್ರೆ ತಂದುಕೊಟ್ಟಳು. ಹಜರತ್ ಅಲಿಯೂ ಅಜೀಮನೂ ಮದುವೆ ಮನೆಯೊಂದರ ಹಾಸಿಗೆಗೆಂದು ರಾಮಗಿರಿಗೆ ಹೋಗಿದ್ದರು. ಅಮೀನಾ ಬೀ ಓಣಿಯ ಹುಸೇನನ ಕೈಯಲ್ಲಿ ಕೋಳಿ ಕೊಯ್ಯಿಸಿ, ಅಂಗಳದಲ್ಲೇ ಹಸನು ಮಾಡಿ, ಸಾರು ಕುದಿಸಿದಳು. ಅಸ್ಫಿಯಾ ಎರಡು ಬಟ್ಟಲು ಕುಡಿದಳು. ಅವಳ ಮುಖಕ್ಕೆ ಬಣ್ಣ ಬಂದದ್ದನ್ನು ನೋಡಿ ಅತ್ತೆ ಸೊಸೆ ಇಬ್ಬರೂ ಕಣ್ಣೊರೆಸಿಕೊಂಡರು. ಪಾತ್ರೆ ಬೆಳಗಿ, ಕಲ್ಲು ಸರಿಸಿ, ನೆಲಕ್ಕೆ ಸಗಣಿ ಸಾರಿಸಿದರು.

ಸಂಜೆ ರಂಜಿತಾ ಚೀಲವಿಟ್ಟು ಅಂಗಳಕ್ಕೆ ಬಂದಳು. ಅರಳೆಯ ಗುಡ್ಡೆಯ ಅಂಚಿಗೆ ಒಂದು ಕೆಂಪು ಪುಕ್ಕ ಅಂಟಿಕೊಂಡಿತ್ತು. ಅರಳೆ ಬೆಳ್ಳಗೆ, ಪುಕ್ಕ ಕೆಂಪಗೆ. ಕಾಣದಿರಲು ಸಾಧ್ಯವೇ ಇರಲಿಲ್ಲ. ಹುಡುಗಿ ಅದನ್ನು ಎರಡು ಬೆರಳಿನಲ್ಲಿ ಎತ್ತಿ, ಚರಂಡಿಗೆ ಹಾಕಿ, ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದಳು. ಅಡುಗೆಮನೆಯ ಕಿಟಕಿಯಿಂದ ಮಾಹೀರಾ ನೋಡಿದಳು. ಮಲಗಿದ್ದಲ್ಲಿಂದ ಅಸ್ಫಿಯಾಳೂ ನೋಡಿದಳು.

ರಾತ್ರಿ ರಂಜಿತಾ ಎಂದಿನಂತೆ ಮುದ್ದೆ ಉಂಡಳು. ಮಾಹೀರಾ ಅವಳ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ತುಪ್ಪ ಹಾಕಿದಳು. ಇಷ್ಟು ದಿನ ಈ ಮಗುವಿನ ಮೇಲೆ ಸಿಟ್ಟು ಮಾಡಿಕೊಂಡಿದ್ದಕ್ಕೆ ಅವಳಿಗೆ ನಾಚಿಕೆಯಾಗಿತ್ತು.

ತಲೆ ಎಣಿಸಲು ಇನ್ನೊಂದೇ ವಾರ ಇದ್ದಾಗ, ಸಂತೆಯ ದಿನ, ಗಂಗಕ್ಕ ಬಂದಳು. ಮಡಿಲಲ್ಲಿ ಇಬ್ಬರು ಹುಡುಗಿಯರಿಗೂ ಎಂದು ಹುರಿಗಡಲೆ ಬೆಲ್ಲ. ಪಡಸಾಲೆಯಲ್ಲಿ ಕೂತಿದ್ದ ಅಸ್ಫಿಯಾಳ ತಲೆ ಸವರಿ, "ಎಷ್ಟು ಸೊರಗಿದೀಯವ್ವ! ನಮ್ಮುಡುಗಿ ಇಡೀ ಸ್ಕೂಲಿಗೇ ಮೊದ್ಲಂತೆ. ನೀನೂ ಗಟ್ಟಿಯಾಗಿ ಅವಳಂಗೆ ಓದವ್ವ," ಎಂದಳು.

ತಿಂಗಳಿನಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಅಸ್ಫಿಯಾಳ ಬಾಯಿಂದ ಹೊರಗೆ ಬಂದುಬಿಟ್ಟಿತು.

"ನಿಮ್ಮುಡುಗಿ ಏನು ದೊಡ್ಡೋಳಲ್ಲ. ನಮ್ಮನೇಲಿ ಕೋಳಿ ಬೇಯಿಸಿದ್ದು ಗೊತ್ತಿದ್ದೂ ಸುಮ್ನೆ ಉಂಡಿದಾಳೆ."

ಗಂಗಕ್ಕನ ಕೈ ಹುಡುಗಿಯ ತಲೆಯ ಮೇಲೆಯೇ ನಿಂತಿತು. ಆಮೇಲೆ ಮೆಲ್ಲಗೆ ಕೈ ತೆಗೆದು ಅಮೀನಾ ಬೀಯ ಕಡೆ ತಿರುಗಿದಳು.

"ಹೌದೇನಕ್ಕ?"

ಅಮೀನಾ ಬೀಗೆ ಸುಳ್ಳು ಹೇಳಲಾಗಲಿಲ್ಲ. "ಮಗೀಗೆ ಜ್ವರ ಇತ್ತು ಗಂಗಕ್ಕ. ಜೀವ ಉಳಿಸ್ಕಳಾಕೆ ಮಾಡ್ದೆ. ಒಲೆ ಮ್ಯಾಲೆ ಮಾಡ್ಲಿಲ್ಲ, ಹೊರಗೆ..."

"ರಂಜೀ, ನಿಂಗೆ ಗೊತ್ತಿತ್ತಾ?"

"ಅವಳಿಗೇನೂ ಗೊತ್ತಿಲ್ಲ," ಎಂದು ಮಾಹೀರಾ ನಡುವೆ ಬಂದಳು. "ಸ್ಕೂಲಿಗೆ ಹೋಗಿದ್ಲು. ಆಣೆಗೂ ಗೊತ್ತಿಲ್ಲ."

ರಂಜಿತಾ ಮಾಹೀರಾಳನ್ನು ಒಮ್ಮೆ ನೋಡಿದಳು. ಆಮೇಲೆ ಅಜ್ಜಿಗೆ ಹೇಳಿದಳು: "ಗೊತ್ತಿತ್ತಜ್ಜಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕರ್ಕಂಡು ಹೋಗ್ತಿದ್ರಿ."

ಗಂಗಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಸಮಾಧಾನ ಮಾಡಬಹುದಿತ್ತು. ಮೊಮ್ಮಗಳ ಬಟ್ಟೆ ಚೀಲ ತುಂಬಿಕೊಂಡಳು, ಹುರಿಗಡಲೆಯನ್ನು ಅಸ್ಫಿಯಾಳ ಪಕ್ಕ ಇಟ್ಟಳು, ಮುದ್ದೆಯ ಪಾತ್ರೆಯನ್ನು ಮಾತ್ರ ಮುಟ್ಟಲಿಲ್ಲ. ಬಾಗಿಲಲ್ಲಿ ರಂಜಿತಾ ಹಿಂತಿರುಗಿ, "ಲೈಬ್ರರಿ ಪುಸ್ತಕ ನನ್ನ ದಿಂಬಿನ ಕೆಳಗೈತೆ ಮಾಹೀರಕ್ಕ, ಮೇಡಮ್ಮಿಗೆ ಕೊಟ್ಬಿಡ್ರಿ," ಎಂದಳು.

ಹಜರತ್ ಅಲಿ ಮನೆಗೆ ಬಂದವನೇ ವಿಷಯ ತಿಳಿದು ಹೆಂಡತಿಯ ಮೇಲೆ ಉರ್ದುವಿನಲ್ಲಿ ಹಾರಾಡಿದ. ಅಮೀನಾ ಬೀ, "ಮಗು ಸತ್ತಿದ್ರೆ ನಿಮ್ಮ ಮಾತು ಹೊದ್ದಿಸಿ ಮಣ್ಣು ಮಾಡ್ತಿದ್ರಾ?" ಎಂದು ಒಂದೇ ಮಾತು ಕೇಳಿದಳು. ಹಜರತ್ ಅಲಿ ಬೆಳಿಗ್ಗೆ ಹಟ್ಟಿಗೆ ಹೋದ. ಎತ್ತಪ್ಪ ಬೇಲಿಯ ಹೊರಗೇ ಬಂದು, ಬೇವಿನ ಮರದ ಕೆಳಗೆ ಕಂಬಳಿ ಹಾಸಿದ.

"ಕುಂತ್ಕಳ್ರಿ ಸಾಬರೇ. ನಿಮ್ಮ ಮ್ಯಾಲೆ ಸಿಟ್ಟಿಲ್ಲ."

"ತಪ್ಪಾತು ಎತ್ತಪ್ಪ. ಇನ್ನೊಂದ್ಸಲ ನಂಬು. ಇನ್ನೊಂದು ವಾರ ಬಿಟ್ಟುಕೊಡು, ಎಣಿಕೆ ಮುಗೀಲಿ."

"ನೀವು ಮಾತು ಕೊಟ್ಟಿದ್ದು ನಂಗೆ. ನಂದಾದ್ರೆ ನಾನು ಬಿಡಬಹುದು. ನಾನು ಕೊಟ್ಟಿದ್ದು ದೇವ್ರಿಗೆ. ಅದನ್ನ ಯಾರು ಬಿಡ್ತಾರೆ?" ಎತ್ತಪ್ಪ ಹಟ್ಟಿಯ ಕಡೆ ನೋಡಿದ. "ನಮ್ಮೋರು ಆಗ್ಲೇ ಕೇಳ್ತಾವ್ರೆ, ಪೂಜಾರಿ ಮನೇಲೇ ಹಿಂಗಾ ಅಂತ. ಹುಡುಗಿ ಅಪ್ಪನ ಜತೆ ಕುರಿ ಹಿಂದೆ ಹೋಗ್ತಾಳೆ."

"ನಲವತ್ತಾರು ತೆಗೆದಿದ್ಲು ಎತ್ತಪ್ಪ."

"ಗೊತ್ತು ಸಾಬರೇ. ನಿನ್ನೆಯಿಂದ ಅಳ್ತಾವ್ಳೆ," ಎಂದ ಎತ್ತಪ್ಪ.

ಎಣಿಕೆಯ ದಿನ ಒಂಬತ್ತು ತಲೆಗಳಿದ್ದವು. ಮರುವಾರವೇ ಅನ್ನಪೂರ್ಣಮ್ಮನವರು ಮಕ್ಕಳನ್ನು ಕರೆದು ಟೀಸಿ ಕೊಟ್ಟರು. ಬಳೆಯವರ ಹುಡುಗ ಅಂಗಡಿಗೆ ಸೇರಿದ, ಇಟ್ಟಿಗೆ ಗೂಡಿನ ಇಬ್ಬರು ಗೂಡಿಗೇ ಹೋದರು. ಅಸ್ಫಿಯಾ ಮನೆಗೆ ಬಂದು ಅಜ್ಜಿಯ ಪಕ್ಕ ಸೂಜಿ ಹಿಡಿದು ಕೂತಳು. ಯಾರೂ ಅವಳನ್ನು ಬೈಯಲಿಲ್ಲ. ಅದು ಅವಳಿಗೆ ಇನ್ನೂ ಕಷ್ಟವಾಯಿತು.

ಆ ಭಾನುವಾರ ಅಜೀಮ್ ಕೋಳಿ ತಂದ. "ಇನ್ನೇನು ಅಡ್ಡಿ ಐತೆ?" ಎಂದು ಹೊಸ್ತಿಲಲ್ಲಿ ಇಟ್ಟ. ಮಾಹೀರಾ ಮಸಾಲೆ ಅರೆದಳು. ನಾಲ್ಕು ತಿಂಗಳ ಮೇಲೆ ಆ ಒಲೆಯ ಮೇಲೆ ಕೋಳಿ ಬೆಂದಿತು, ಓಣಿಯೆಲ್ಲ ಘಮ್ಮೆಂದಿತು. ಊಟಕ್ಕೆ ಕೂತಾಗ ಹಜರತ್ ಅಲಿ, "ನಂಗೆ ಮಜ್ಜಿಗೆ ಸಾಕು," ಎಂದ. ಅಮೀನಾ ಬೀ ಹಲ್ಲು ನೋವೆಂದಳು. ಅಸ್ಫಿಯಾ ತಟ್ಟೆಯನ್ನು ಮುಂದಕ್ಕೆ ತಳ್ಳಿ ಗೋಡೆಗೆ ಮುಖ ಮಾಡಿ ಅತ್ತಳು. ಅಜೀಮ್ ಒಂದು ತುಂಡು ಬಾಯಿಗಿಟ್ಟು, ನುಂಗಲಾರದೆ ನೀರು ಕುಡಿದ.

ಮಾಹೀರಾ ಸೌಟು ಕೆಳಗಿಟ್ಟಳು.

"ನಾಳೆಯಿಂದ ಇವಳು ಹೆದ್ದಾರಿ ಆಚೆ ಸ್ಕೂಲಿಗೆ ಹೋಗ್ತಾಳೆ."

"ಹುಚ್ಚು ಹಿಡಿದೈತಾ ನಿಂಗೆ?" ಎಂದಳು ಅಮೀನಾ ಬೀ. "ಆ ರಸ್ತೆ..."

"ನಾನೇ ಕೈ ಹಿಡ್ಕಂಡು ದಾಟಿಸ್ತೀನಿ. ಸಂಜೆ ನಾನೇ ಕರ್ಕಂಡು ಬರ್ತೀನಿ."

"ಅಡುಗೆ? ಅಂಗಡಿ?"

"ಒಂದ್ಗಂಟೆ ತಡ ಆದ್ರೆ ಯಾರೂ ಸಾಯಲ್ಲ ಅತ್ತೆ. ಆ ಮಗಿನ ಓದು ನಮ್ಮಿಂದ ಹೋತು. ನಿಮ್ಮಿಂದ, ನನ್ನಿಂದ, ಇವಳ ಬಾಯಿಂದ. ಇವಳೂ ಓದದೆ ಕುಂತ್ರೆ ಅದು ಸುಮ್ಮಸುಮ್ನೆ ಹೋದಂಗಾಗ್ತದೆ."

ಅಮೀನಾ ಬೀ ಗಂಡನ ಮುಖ ನೋಡಿದಳು, ಮಗನ ಮುಖ ನೋಡಿದಳು. ಇಬ್ಬರೂ ತಟ್ಟೆ ನೋಡುತ್ತಿದ್ದರು. ಮುದುಕಿ, "ಕೈ ಮಾತ್ರ ಬಿಡಬ್ಯಾಡ," ಎಂದಳು.

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಒಂದು ಬೆಳಿಗ್ಗೆ ತಾಯಿ ಮಗಳು ಹೆದ್ದಾರಿಯ ಅಂಚಿಗೆ ಬಂದಾಗ ಲಾರಿಗಳೆಲ್ಲ ಸಾಲಾಗಿ ನಿಂತು ಹಾರನ್ ಹೊಡೆಯುತ್ತಿದ್ದವು. ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು. ಮುಂದೆ ಮಂಜಣ್ಣ ಕೋಲು ಎತ್ತಿ ಲಾರಿಯವರಿಗೆ ಕೈ ಮಾಡುತ್ತಿದ್ದ. ಈಚೆ ಬದಿಯಲ್ಲಿ ಮಂದೆಯನ್ನು ಅಟ್ಟುತ್ತಾ, ಹೆಗಲಿಗೆ ಕಂಬಳಿ ಹಾಕಿಕೊಂಡು, ರಂಜಿತಾ ನಿಂತಿದ್ದಳು.

ಅಸ್ಫಿಯಾ ತಾಯಿಯ ಹಿಂದೆ ಸರಿದಳು. ರಂಜಿತಾಳೇ ಹತ್ತಿರ ಬಂದಳು.

"ಜ್ವರ ಪೂರಾ ಹೋತಾ?"

"ಹೋತು," ಎಂದಳು ಅಸ್ಫಿಯಾ. ಹೇಳಬೇಕೆಂದು ದಿನವೂ ಅಂದುಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ.

"ಗಣಿತದಾಗೆ ಎಲ್ಲಿಗೆ ಬಂದ್ರಿ?"

"ಬೀಜೋಕ್ತಿ."

"ನಾನಿದ್ದಾಗ ಶುರುವಾಗಿರ್ಲಿಲ್ಲ. ಕಷ್ಟ ಐತಾ?"

"ನಂಗೆ ತಿಳಿಯಲ್ಲ," ಎಂದು ಅಸ್ಫಿಯಾ ಚೀಲ ಬಿಚ್ಚಿ ಪುಸ್ತಕ ತೆಗೆದು, ಆ ಪಾಠದ ಪುಟ ತೆರೆದು ಕೊಟ್ಟಳು.

ರಂಜಿತಾ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಲ್ಲೇ ನಿಂತು ಓದತೊಡಗಿದಳು. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಲಾರಿಗಳು ಕೂಗುತ್ತಿದ್ದವು. ಕುರಿಗಳು ಅವಳ ಎರಡೂ ಬದಿಯಿಂದ ಹಾದು ರಸ್ತೆಗೆ ಇಳಿಯುತ್ತಿದ್ದವು. ಒಂದು ಪುಟ ಮುಗಿಸಿ ಇನ್ನೊಂದು ತಿರುವಿದಳು. ಮಾಹೀರಾ ಮಗಳ ಕೈ ಬಿಡದೆ, ಇನ್ನೂ ಎಷ್ಟು ಕುರಿಗಳಿವೆ ಎಂದು ಹಿಂದೆ ನೋಡಿದಳು. ಮಂದೆ ಮುಗಿಯದಿರಲಿ ಎಂದು ಅವಳಿಗೆ ಅನ್ನಿಸಿತು.

ಮಂದೆ ಮುಗಿಯಿತು. ಆಚೆಯಿಂದ ಮಂಜಣ್ಣ, "ಲೇ ರಂಜೀ, ಬಾರೇ!" ಎಂದು ಕೂಗಿದ.

"ಇಟ್ಕ," ಎಂದಳು ಅಸ್ಫಿಯಾ ಅಳುತ್ತಾ. "ನೀನೇ ಇಟ್ಕ."

"ನಿಂಗೆ ಬೇಕಲ್ಲ," ಎಂದು ರಂಜಿತಾ ಪುಸ್ತಕ ಮುಚ್ಚಿ ಅವಳ ಚೀಲದೊಳಗಿಟ್ಟಳು. "ಕಷ್ಟ ಏನಿಲ್ಲ ಕಣೆ. ಎರಡು ಸಲ ಓದು."

ಆಮೇಲೆ ಅವಳು ಕೊನೆಯ ಕುರಿಯ ಹಿಂದೆ ರಸ್ತೆ ದಾಟಿ ಹೋದಳು. ಲಾರಿಗಳು ಹೊರಟವು.